ಬೋರಿನ ನೀರು, ಬಗ್ಗದ ಬೆನ್ನು

(ಕಲಿಕಾ ಕೇಂದ್ರದ ಮಹಿಳೆಯರ ಮುಂದೆ ಶಾಲಾ ಶಿಕ್ಷಕಿಯೊಬ್ಬರು ಆಡಿದ ಮಾತು)



ಸ್ಲೇಟು, ಪುಸ್ತಕ ಪಕ್ಕಕ್ಕೆ ಇಡಿ. ಇವತ್ತು ಓದೋದು ಸ್ವಲ್ಪ, ಮಾತು ಜಾಸ್ತಿ.

ಮೊದಲು ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಕೇಳಿ.

ನಾನು ಟೀಚರ್ ಆಗಿ ಸೇರಿದ ಮೊದಲ ವರ್ಷ ಅದು. ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಕಡೆ. ಅಲ್ಲಿ ನೀರು ಅಂದರೆ ಹಳ್ಳ, ತೆರೆದ ಬಾವಿ. ಕೆಲಸ ಸಿಕ್ಕಿದ್ದು ಬಯಲುಸೀಮೆಯಲ್ಲಿ. ಟ್ರೈನಿಂಗಿನಲ್ಲಿ ನಮಗೆ ಶುಚಿತ್ವದ ಪಾಠ ಹೇಳಿಕೊಟ್ಟಿದ್ದರು. ಬೆಳಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಕು. ಉಗುರು ನೋಡಬೇಕು, ತಲೆ ನೋಡಬೇಕು, ಹಲ್ಲು ನೋಡಬೇಕು. ನಾನೂ ಹಾಗೇ ಮಾಡಿದೆ.

ನಾಲ್ಕನೇ ತರಗತಿಯ ಒಬ್ಬ ಹುಡುಗಿ. ಬಟ್ಟೆ ಚೊಕ್ಕಟ, ಜಡೆ ಚೊಕ್ಕಟ. ಹಲ್ಲು ಮಾತ್ರ ಕಂದು. ಅಲ್ಲಲ್ಲಿ ಹಳದಿ ಗೆರೆ, ಸುಣ್ಣ ಚುಕ್ಕೆ. ನನಗೆ ಸಿಟ್ಟು ಬಂತು. "ಹಲ್ಲು ಉಜ್ಜೋಕೆ ಏನು ಕಷ್ಟ ನಿನಗೆ? ನಾಳೆ ಉಜ್ಜಿಕೊಂಡು ಬಾ" ಅಂತ ಎಲ್ಲರ ಮುಂದೆ ಬೈದೆ. ಮಕ್ಕಳೆಲ್ಲ ನಕ್ಕರು.

ಮರುದಿನ ಅವಳು ಬಂದಳು. ಒಸಡೆಲ್ಲ ಕೆಂಪಾಗಿ ಊದಿತ್ತು. ರಕ್ತ ಜಿನುಗುತ್ತಿತ್ತು. ಇಟ್ಟಿಗೆ ಪುಡಿ ಹಾಕಿ ಉಜ್ಜಿದ್ದಳಂತೆ. ಹಲ್ಲು ಮಾತ್ರ ಹಾಗೇ ಕಂದು. ಅವತ್ತಿನಿಂದ ಆ ಮಗು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿತ್ತು. ಆ ಕೈ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

ನಾನು ಅವರ ಮನೆಗೆ ಹೋದೆ. ಜಗಲಿ ಮೇಲೆ ಅಜ್ಜಿ ಕೂತಿದ್ದರು. "ಯಾರು?" ಅಂತ ಕೇಳಿದರು. ನನ್ನ ಕಡೆ ಕತ್ತು ತಿರುಗಿಸಲಿಲ್ಲ. ಇಡೀ ಮೈ ತಿರುಗಿಸಿದರು, ಮರದ ದಿಮ್ಮಿ ತಿರುಗಿಸಿದ ಹಾಗೆ. ನಾನು ಹಲ್ಲಿನ ಮಾತು ತೆಗೆದೆ. ಅಜ್ಜಿ ಅಂದರು: "ಅದು ಕೊಳೆ ಅಲ್ಲ ಕಣವ್ವ. ಈ ಊರಾಗೆ ಹುಟ್ಟಿದ ಎಲ್ಲರ ಹಲ್ಲೂ ಹಿಂಗೇ. ನೀರಿನ ಬಣ್ಣ ಅದು. ನಿಮಗೆ ಇಸ್ಕೂಲಾಗೆ ಯಾರೂ ಹೇಳಿಲ್ವಾ?"

ಯಾರೂ ಹೇಳಿರಲಿಲ್ಲ. ಸರ್ಟಿಫಿಕೇಟು ನನ್ನ ಕೈಯಲ್ಲಿತ್ತು. ವಿಷಯ ಗೊತ್ತಿದ್ದದ್ದು ಅಕ್ಷರ ಬಾರದ ಅಜ್ಜಿಗೆ.

ಅವರನ್ನು ಅಜ್ಜಿ ಅಂದೆ. ವಯಸ್ಸು ಆಗ ಐವತ್ತೆರಡೋ ಐವತ್ತಮೂರೋ. ನೋಡಿದರೆ ಎಪ್ಪತ್ತು ಅನ್ನಬೇಕು. ಮೊದಲು ಬೆಳಗ್ಗೆ ಏಳುವಾಗ ಸೊಂಟ ಹಿಡಿಯುತ್ತಿತ್ತಂತೆ. ಆಮೇಲೆ ಕತ್ತು. ಆಮೇಲೆ ಕಳೆ ಕೀಳೋಕೆ ಬಗ್ಗಲು ಆಗಲಿಲ್ಲ. ಕೂಲಿ ಹೋಯಿತು. ಒಲೆ ಮುಂದೆ ಕುಕ್ಕರಗಾಲಲ್ಲಿ ಕೂರಲು ಆಗಲಿಲ್ಲ. ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗಲಿಲ್ಲ. "ಮೊಮ್ಮಗಳ ತಲೆ ಬಾಚೋಕೂ ನಂಗೆ ಆಗಲ್ಲ" ಅಂದರು. ವಾಯು ಅಂದವರುಂಟು, ವಯಸ್ಸು ಅಂದವರುಂಟು, ಹಿಂದಿನ ಜನ್ಮದ ಪಾಪ ಅಂದವರೂ ಉಂಟು. ಎಣ್ಣೆ ಹಚ್ಚಿದ್ದಾಯಿತು, ಸೂಜಿ ಹಾಕಿಸಿದ್ದಾಯಿತು. ಎರಡು ಮೇಕೆ ಮಾರಿದ್ದೂ ಆಯಿತು. ನೀರಿನ ಮಾತು ಮಾತ್ರ ಯಾವ ಡಾಕ್ಟರೂ ಕೇಳಲಿಲ್ಲ.

ಆ ವರ್ಷ ಬೇಸಿಗೆ ರಜೆಯಲ್ಲಿ ಅವರ ಮಗನ ಜೊತೆ ನಾನೂ ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿ ಎಕ್ಸ್‌ರೇ ತೆಗೆದರು. ಅಲ್ಲಿದ್ದ ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ನಮಗೆ ತೋರಿಸಿದರು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ನಮ್ಮ ಬೆನ್ನುಮೂಳೆ ಒಂದೇ ಕೋಲು ಅಲ್ಲ. ಸಣ್ಣ ಸಣ್ಣ ಮೂಳೆಗಳ ಸರ. ಮಣಿಸರ ಇದ್ದ ಹಾಗೆ. ಮಣಿಗೂ ಮಣಿಗೂ ನಡುವೆ ಜಾಗ ಇರೋದರಿಂದ ಸರ ಬಳುಕುತ್ತದೆ. ಮೂಳೆಗೂ ಮೂಳೆಗೂ ಗಟ್ಟಿಯಾದ ನಾರು ಕಟ್ಟಿರುತ್ತದೆ. ಅದು ಹಗ್ಗದ ಹಾಗೆ. ಬಿಗಿಯಾಗಿ ಹಿಡಿಯುತ್ತದೆ, ಆದರೆ ಬಾಗುತ್ತದೆ. ಮೂಳೆಯಲ್ಲಿ ಸುಣ್ಣದ ಅಂಶ ಇರಬೇಕು. ಅದನ್ನೇ ಕ್ಯಾಲ್ಸಿಯಂ ಅನ್ನುತ್ತಾರೆ. ನಾರಿನಲ್ಲಿ ಅದು ಕಟ್ಟಿ ಕೂರಬಾರದು.

ಈ ಅಜ್ಜಿಯ ಮೈಯಲ್ಲಿ ಸುಣ್ಣ ಇರಬಾರದ ಜಾಗದಲ್ಲಿ ಕೂತಿತ್ತು. ನಾರು ಕಲ್ಲಾಗಿತ್ತು. ಮನೆ ಕಟ್ಟುವ ಕೂಲಿಗೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತದೆ. ಹಗ್ಗವನ್ನು ಸಿಮೆಂಟು ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಒಣಗಿದ ಮೇಲೆ ಮಡಚಿ ನೋಡಿ. ಮಡಚೋದಿಲ್ಲ ಅಲ್ವಾ? ಅಜ್ಜಿಯ ಬೆನ್ನಿಗೆ ಆಗಿದ್ದು ಅದೇ. ಮಣಿಗಳೆಲ್ಲ ಅಂಟಿಕೊಂಡು ಸರ ಕೋಲಾಗಿತ್ತು.

ಡಾಕ್ಟರಮ್ಮ ಮುಂಗೈ ಫಿಲ್ಮನ್ನೂ ತೋರಿಸಿದರು. ಮುಂಗೈಯಲ್ಲಿ ಎರಡು ಮೂಳೆ. ನಡುವೆ ತೆಳು ಪರದೆ. ಎಕ್ಸ್‌ರೇಯಲ್ಲಿ ಆ ಪರದೆ ಕಾಣಬಾರದು, ಕಪ್ಪಾಗಿ ಇರಬೇಕು. ಅಜ್ಜಿಯ ಮುಂಗೈಯಲ್ಲಿ ಅಲ್ಲಿ ಬಿಳಿ ಮುಳ್ಳುಮುಳ್ಳು ಎದ್ದಿತ್ತು. "ಈ ಗುರುತು ನೋಡಿದರೆ ನನಗೆ ನೀರಿನ ಮೇಲೇ ಅನುಮಾನ. ನಿಮ್ಮೂರ ನೀರು ಯಾವುದು?" ಅಂತ ಕೇಳಿದರು.

ಈ ಕಾಯಿಲೆಯ ಹೆಸರು ಫ್ಲೋರೋಸಿಸ್. ತರುವುದು ಫ್ಲೋರೈಡ್. ಹೆಸರು ಕಷ್ಟ. ಬೋರ್ಡಿನ ಮೇಲೆ ಬರೆಯುತ್ತೇನೆ. ಫ್ಲೋ - ರೈ - ಡ್. ಮೂರು ಸಲ ಓದಿ. ಫ ಕೆಳಗೆ ಲ ಒತ್ತು ಇದೆ, ನೋಡಿ.

ಫ್ಲೋರೈಡ್ ಕಲ್ಲಿನಲ್ಲಿರುವ ವಸ್ತು. ನಮ್ಮ ಬಯಲುಸೀಮೆಯ ನೆಲದಡಿ ಗಟ್ಟಿ ಬಂಡೆ. ಬಂಡೆಯ ಬಿರುಕಿನಲ್ಲಿ ನೀರು ವರ್ಷಾನುಗಟ್ಟಲೆ ನಿಂತಿರುತ್ತದೆ. ಕಲ್ಲಿನಲ್ಲಿರುವ ಫ್ಲೋರೈಡ್ ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ಕೆರೆ ನೀರು, ಮಳೆ ನೀರು ಅಷ್ಟು ಕಾಲ ಕಲ್ಲಿನ ಜೊತೆ ಇರೋದಿಲ್ಲ. ಅದಕ್ಕೇ ಅದರಲ್ಲಿ ಕಡಿಮೆ. ನಮ್ಮ ಹಿರಿಯರು ಕುಡಿದದ್ದು ಹೆಚ್ಚಾಗಿ ಕೆರೆ, ಕಲ್ಯಾಣಿ, ತೆರೆದ ಬಾವಿಯ ನೀರು. ಕೆರೆ ಬತ್ತಿತು, ಬಾವಿ ಬತ್ತಿತು, ಬೋರು ಬಂತು. ಬೋರು ಬಂದಾಗ ತೆಂಗಿನಕಾಯಿ ಒಡೆದೆವು. ಒಡೆಯಬೇಕಾದ್ದೇ. ಕಾಲರಾ, ಭೇದಿ ಕಡಿಮೆಯಾಯಿತು. ಆದರೆ ಆ ನೀರಿನಲ್ಲಿ ಇನ್ನೇನಿದೆ ಅಂತ ಬಹಳ ಕಡೆ ಯಾರೂ ನೋಡಲಿಲ್ಲ.

ಪಾವಗಡ, ಶಿರಾ, ಮಧುಗಿರಿ ಸೀಮೆ, ಚಿತ್ರದುರ್ಗ, ಕೋಲಾರ, ರಾಯಚೂರು, ಕೊಪ್ಪಳ, ಗದಗ ಜಿಲ್ಲೆಯ ಮುಂಡರಗಿ. ಇಲ್ಲೆಲ್ಲ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು ಇರುವ ಊರುಗಳಿವೆ. ಒಂದೇ ಊರಿನಲ್ಲಿ ಒಂದು ಬೋರಿನಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರೋದಿಲ್ಲ. ಇದನ್ನು ನೆನಪಿಡಿ. ಆಮೇಲೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿ ಇದು ಮೊದಲು ಬರಹಕ್ಕೆ ಬಂದದ್ದು 1937ರಲ್ಲಿ. ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅಲ್ಲಿ ಮೊದಲು ಗಮನಿಸಿದವರು ರೈತರು ಅಂತ ಹೇಳುತ್ತಾರೆ. ಎತ್ತುಗಳು ನೊಗ ಎಳೆಯದೆ ನಿಂತವಂತೆ, ಕಾಲು ಬಗ್ಗಿಸಲು ಆಗದೆ. ಎತ್ತು ನಿಂತರೆ ಉಳುಮೆ ನಿಲ್ಲುತ್ತದೆ, ಊರಿಗೆಲ್ಲ ಗೊತ್ತಾಗುತ್ತದೆ. ಹೆಂಗಸಿನ ಸೊಂಟ ಹಿಡಿದರೆ ಯಾರಿಗೆ ಗೊತ್ತಾಗುತ್ತದೆ? ಅವಳು ಒಲೆ ಮುಂದೆ ಹೇಗೋ ಕೆಲಸ ಮುಗಿಸುತ್ತಾಳೆ.

ಈಗ ಎಲ್ಲರೂ ಎದ್ದು ನಿಲ್ಲಿ. ಬಸುರಿಯರು, ಈಗಾಗಲೇ ಸೊಂಟ ನೋವು ಜೋರಾಗಿರುವವರು ಕೂತೇ ನೋಡಿ. ಮೂರು ಕೆಲಸ ಮಾಡೋಣ. ದೆಹಲಿಯ ಡಾ. ಎ. ಕೆ. ಸುಶೀಲಾ ಅವರು ಈ ಕಾಯಿಲೆಯ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ ವಿಜ್ಞಾನಿ. ಹಳ್ಳಿಗಳಲ್ಲಿ ಕಾಯಿಲೆ ಪತ್ತೆ ಮಾಡಲು ಇಂಥ ಮೂರು ಕೆಲಸ ಮಾಡಿಸುತ್ತಾರೆ.

ಮೊದಲು, ಮಂಡಿ ಬಗ್ಗಿಸದೆ ಮುಂದಕ್ಕೆ ಬಾಗಿ ಕಾಲಿನ ಬೆರಳು ಮುಟ್ಟಿ. ಆಮೇಲೆ ಗದ್ದವನ್ನು ಎದೆಗೆ ತಾಗಿಸಿ. ಕೊನೆಗೆ ಎರಡೂ ಕೈ ಎತ್ತಿ ತಲೆಯ ಹಿಂದೆ ಇಟ್ಟುಕೊಳ್ಳಿ.

ಯಾರಿಗೆ ಆಗಲಿಲ್ಲ? ಕೈ ಎತ್ತಿ. ನಾಚಿಕೆ ಬೇಡ. ಆಗದಿದ್ದರೆ ಇದೇ ಕಾಯಿಲೆ ಅಂತ ಹೆದರಬೇಡಿ. ಸೊಂಟ ನೋವಿಗೆ ನೂರು ಕಾರಣ. ಸುಣ್ಣ ಕೂರೋದಕ್ಕೂ ಬೇರೆ ಕಾರಣ ಉಂಟು. ಮೂತ್ರಪಿಂಡ ಕೆಟ್ಟವರಿಗೆ ರಕ್ತನಾಳದಲ್ಲಿ ಕೂರುತ್ತದೆ. ಕೆಲವರಿಗೆ ಭುಜದ ನಾರಿನಲ್ಲಿ ಮಾತ್ರ ಕೂರುತ್ತದೆ. ಅದರಲ್ಲಿ ನೀರಿನ ತಪ್ಪಿಲ್ಲ. ಆದರೆ ಒಂದು ಬೀದಿಯಲ್ಲಿ ಹತ್ತು ಜನಕ್ಕೆ ಈ ಮೂರು ಕೆಲಸ ಆಗದಿದ್ದರೆ? ಮಕ್ಕಳ ಹಲ್ಲೂ ಕಂದಾಗಿದ್ದರೆ? ಆಗ ನೀರನ್ನು ಕೇಳಲೇಬೇಕು. ಆಸ್ಪತ್ರೆಗೆ ಹೋದಾಗ "ನಮ್ಮದು ಬೋರಿನ ನೀರು" ಅಂತ ನೀವೇ ಮೊದಲು ಹೇಳಿ. ಮೂತ್ರ ಪರೀಕ್ಷೆ, ಎಕ್ಸ್‌ರೇ ಮಾಡಿ ನೋಡುತ್ತಾರೆ.

ಇನ್ನು ಕಷ್ಟದ ಮಾತು. ಕಲ್ಲಾದ ನಾರನ್ನು ಮತ್ತೆ ಮೆತ್ತಗೆ ಮಾಡುವ ಔಷಧಿ ಇಲ್ಲ. ಹಲ್ಲಿನ ಕಂದು ಬಣ್ಣ ಉಜ್ಜಿದರೆ ಹೋಗೋದಿಲ್ಲ. ಹಲ್ಲು ಒಸಡಿನ ಒಳಗೆ ಬೆಳೆಯುವಾಗಲೇ ಅದು ಸೇರಿರುತ್ತದೆ. ಕಾಯಿಲೆ ಬಹಳ ಮುಂದುವರಿದರೆ ಬೆನ್ನುಮೂಳೆ ಒಳಗಿನ ನರ ಒತ್ತಿ ಕಾಲು ಬಲ ಕಳೆದುಕೊಳ್ಳುವುದೂ ಉಂಟು. ಆದರೆ ಶುರುವಿನಲ್ಲೇ ನೀರು ಬದಲಿಸಿದರೆ ನೋವು ಕಡಿಮೆಯಾಗುತ್ತದೆ. ಮುಂದೆ ಹೆಚ್ಚೋದು ತಪ್ಪುತ್ತದೆ. ಬೇರೆ ನೀರು ಕುಡಿದು ಬೆಳೆದ ಮಗುವಿನ ಹಲ್ಲು ಬೆಳ್ಳಗೆ ಬರುತ್ತದೆ. ಎದೆಹಾಲಿನ ಬಗ್ಗೆ ಹೆದರಬೇಡಿ. ತಾಯಿ ಕುಡಿದ ನೀರಿನ ಫ್ಲೋರೈಡ್ ಎದೆಹಾಲಿಗೆ ಬಹಳ ಕಡಿಮೆ ಇಳಿಯುತ್ತದೆ. ಕೂಸಿಗೆ ಎದೆಹಾಲೇ ಒಳ್ಳೆಯದು. ಬೋರಿನ ನೀರಿನಲ್ಲಿ ಪುಡಿಹಾಲು ಕಲಸಿ ಕೊಡೋದೇ ಅಪಾಯ.

ಹೋದ ವಾರ ಒಬ್ಬರು ನನ್ನನ್ನು ಕೇಳಿದರು. "ಮೇಡಮ್ಮೋರೆ, ಸುಣ್ಣ ಜಾಸ್ತಿಯಾಗಿ ಈ ಕಾಯಿಲೆ ಬರ್ತದೆ ಅಂದ್ರಲ್ಲ. ಹಂಗಾರೆ ರಾಗಿ, ಹಾಲು ಬಿಡಬೇಕಾ?" ಒಳ್ಳೆ ಪ್ರಶ್ನೆ. ಉತ್ತರ: ಬಿಡಬಾರದು. ಊಟದ ಸುಣ್ಣ ತಪ್ಪು ಮಾಡಿಲ್ಲ. ತಪ್ಪು ಜಾಗಕ್ಕೆ ಅದನ್ನು ಕೂರಿಸಿದ್ದು ಫ್ಲೋರೈಡ್. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಈ ಕಾಯಿಲೆ ಇನ್ನೂ ಜೋರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಫ್ಲೋರೈಡ್ ಇರುವ ಹಳ್ಳಿಗಳಲ್ಲಿ ಇನ್ನೊಂದು ತೊಂದರೆ ಕಂಡು ಬರೆದರು. ಮಂಡಿಗಳು ಒಂದಕ್ಕೊಂದು ತಾಗುವ ಹಾಗೆ ಕಾಲು ಸೊಟ್ಟಗಾದ ಮಕ್ಕಳು, ಹುಡುಗರು. ಬಡವರ ಮನೆಯವರು.

ಅದಕ್ಕೇ ರಾಗಿ ಬಿಡಬೇಡಿ. ಹಾಲು, ಮೊಸರು ಆದಷ್ಟು. ನುಗ್ಗೆ ಸೊಪ್ಪು, ನೆಲ್ಲಿಕಾಯಿ, ನಿಂಬೆಹಣ್ಣು ಒಳ್ಳೆಯದು. ಹುಣಸೆಹಣ್ಣಿನ ಬಗ್ಗೆಯೂ ಅದೇ ಸಂಸ್ಥೆಯವರು ನೋಡಿದ್ದಾರೆ. ಹುಡುಗರಿಗೆ ದಿನಾ ಸ್ವಲ್ಪ ಹುಣಸೆಹಣ್ಣು ಕೊಟ್ಟಾಗ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಗೆ ಹೋಯಿತು. ನಮ್ಮ ಸಾರಿಗೆ ಹುಣಸೆ ಹಾಕೋದು ಹೇಗೂ ಇದೆ. ಹಾಗಂತ ಹುಣಸೆ ತಿಂದು ಅದೇ ಬೋರಿನ ನೀರು ಕುಡಿದರೆ ಸಾಲದು. ಚಹಾ ಎಲೆಯಲ್ಲೂ ಫ್ಲೋರೈಡ್ ಇದೆ. ದಿನಕ್ಕೆ ಐದಾರು ಲೋಟ ಕುಡಿಯುವವರು ಇಲ್ಲಿದ್ದೀರಿ. ಹೆಸರು ಹೇಳೋದಿಲ್ಲ. ಕಡಿಮೆ ಮಾಡಿ.

ಈಗ ಲೆಕ್ಕಕ್ಕೆ ಬರೋಣ. ಬೋರ್ಡು ನೋಡಿ.

1.5

ಇದನ್ನು ಹದಿನೈದು ಅಂತ ಓದಬಾರದು. ನಡುವೆ ಚುಕ್ಕೆ ಇದೆ. ಒಂದು, ಚುಕ್ಕೆ, ಐದು. ಅಂದರೆ ಒಂದೂವರೆ. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರು ಸಿಗದೇ ಇದ್ದರೆ 1.5ರವರೆಗೆ. ಅದಕ್ಕಿಂತ ಮೇಲೆ ಇದ್ದರೆ ಕುಡಿಯಬಾರದು. ಇದು ಸರ್ಕಾರದ ಅಳತೆ. 1.5 ಮಿಲಿಗ್ರಾಂ ಎಷ್ಟು? ಒಂದು ಸಾಸಿವೆ ಕಾಳಿನ ತೂಕವೂ ಇಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕಣ್ಣಿಗೆ, ನಾಲಿಗೆಗೆ ಸಿಗೋದಿಲ್ಲ. ಹಂಡೆಯಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದು ಫ್ಲೋರೈಡಿನ ಗುರುತು ಅಲ್ಲ. ಅದು ಗಡಸು ನೀರಿನ ಗುರುತು. ಪೊರೆ ಕಟ್ಟದ ನೀರಿನಲ್ಲೂ ಫ್ಲೋರೈಡ್ ಇರಬಹುದು.

ಸಾಸಿವೆಯಷ್ಟು ತಾನೇ ಅನ್ನಬೇಡಿ. ಒಂದು ಬೋರಿನಲ್ಲಿ ಲೀಟರಿಗೆ 4 ಮಿಲಿಗ್ರಾಂ ಇದೆ ಅಂದುಕೊಳ್ಳಿ. ಬಿಸಿಲಲ್ಲಿ ಕೂಲಿ ಮಾಡುವವಳು ದಿನಕ್ಕೆ 4 ಲೀಟರ್ ಕುಡಿಯುತ್ತಾಳೆ. ನಾಲ್ಕು ನಾಲ್ಕಲೆ ಹದಿನಾರು. ದಿನಾ 16 ಮಿಲಿಗ್ರಾಂ. ಹತ್ತು ವರ್ಷ, ಇಪ್ಪತ್ತು ವರ್ಷ. ಒಂದಷ್ಟು ಮೂತ್ರದಲ್ಲಿ ಹೋಗುತ್ತದೆ. ಉಳಿದದ್ದು ಮೂಳೆಯಲ್ಲಿ ಉಳಿಯುತ್ತದೆ. ನೆರಳಲ್ಲಿ ಕೂತು ಕೆಲಸ ಮಾಡುವವರಿಗಿಂತ ಬಿಸಿಲಲ್ಲಿ ದುಡಿಯುವವರ ಮೈಗೆ ಹೆಚ್ಚು ಸೇರುತ್ತದೆ. ಇದು ಯಾವ ನ್ಯಾಯವೋ ಗೊತ್ತಿಲ್ಲ.

ನೀರು ಕಾಯಿಸಿದರೆ ಹೋಗುತ್ತದಾ? ಹೋಗೋದಿಲ್ಲ. ಕಾಯಿಸಿದರೆ ರೋಗದ ಹುಳ ಸಾಯುತ್ತದೆ, ಫ್ಲೋರೈಡ್ ಹಾಗೇ ಇರುತ್ತದೆ. ನೀರು ಆವಿಯಾಗಿ ಕಡಿಮೆಯಾದಂತೆ ಅದು ಇನ್ನೂ ದಟ್ಟ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗೋದಿಲ್ಲ. ಪಟಿಕ ಮತ್ತು ಸುಣ್ಣ ಹಾಕಿ ತೆಗೆಯುವ ಒಂದು ವಿಧಾನವನ್ನು ನಾಗಪುರದ ನೀರಿ ಎಂಬ ಸಂಸ್ಥೆಯವರು ಮಾಡಿದರು. ನಲ್ಗೊಂಡ ವಿಧಾನ ಅಂತ ಅದರ ಹೆಸರು. ಆದರೆ ಎಷ್ಟು ಪಟಿಕ ಅನ್ನೋದು ಆಯಾ ನೀರಿನ ಮೇಲೆ. ಮನೆಯಲ್ಲಿ ಅಂದಾಜಿಗೆ ಹಾಕಬೇಡಿ.

ಈಗ ಬಹಳ ಊರುಗಳಲ್ಲಿ ಶುದ್ಧ ನೀರಿನ ಘಟಕ ಇದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಒಳ್ಳೆಯದೇ. ಆದರೆ ನಾನು ಮನೆಮನೆಗೆ ಹೋದಾಗ ಒಂದು ವಿಷಯ ನೋಡಿದೆ. ಕ್ಯಾನಿನ ನೀರು ಗಂಡಸರಿಗೆ, ನೆಂಟರಿಗೆ, ಶಾಲೆಗೆ ಹೋಗುವ ಮಕ್ಕಳ ಬಾಟಲಿಗೆ. ಮುದ್ದೆಗೆ, ಸಾರಿಗೆ, ಅನ್ನಕ್ಕೆ ಬೋರಿನ ನೀರು. ಮನೆ ಹೆಂಗಸು ಕುಡಿಯೋದೂ ಬೋರಿನದೇ. "ಕ್ಯಾನು ತರೋರು ಯಾರು, ಖಾಲಿ ಆದ್ರೆ?" ಅನ್ನುತ್ತಾರೆ. ಅಡುಗೆ ನೀರಿನ ಫ್ಲೋರೈಡೂ ಹೊಟ್ಟೆಗೇ ಹೋಗುತ್ತದೆ. ಅಡುಗೆಗೂ ಅದೇ ಒಳ್ಳೆ ನೀರು ಬೇಕು. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರಿನ ನೀರು ಸಾಕು, ತೊಂದರೆ ಇಲ್ಲ. ನೀರು ತರುವವಳೇ ಕೊನೆಗೆ ಕೆಟ್ಟ ನೀರು ಕುಡಿಯೋದು ನನಗೆ ಸರಿ ಕಾಣೋದಿಲ್ಲ. ಮನೆಯಲ್ಲಿ ಈ ಮಾತು ಆಡಿ. ಜಗಳ ಆದರೂ ಆಡಿ.

ಘಟಕದ ಯಂತ್ರದಲ್ಲಿ ಫಿಲ್ಟರ್ ಇರುತ್ತದೆ. ಕಾಲಕಾಲಕ್ಕೆ ಅದನ್ನು ಬದಲಿಸಬೇಕು. ಬದಲಿಸದಿದ್ದರೆ ಕ್ಯಾನಿನ ನೀರೂ ಬೋರಿನ ನೀರೇ. ಹಾಗಾಗಿ ಅದನ್ನೂ ಪರೀಕ್ಷೆ ಮಾಡಬೇಕು. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನಬಹುದು. ಚಾವಣಿ ತೊಳೆದು, ಮೊದಲ ಮಳೆ ಬಿಟ್ಟು, ಆಮೇಲಿನ ನೀರು ಹಿಡಿದು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಇಡುವವರಿದ್ದಾರೆ. ಕುಡಿಯುವಾಗ ಕಾಯಿಸಿ ಕುಡಿಯುತ್ತಾರೆ. ನಮ್ಮ ಶಾಲೆ ಚಾವಣಿಗೂ ಮಾಡಿಸಬೇಕು ಅಂತ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಮೂರನೆಯದಕ್ಕೆ ನಿಮ್ಮ ಸಹಿ ಬೇಕು. ಹೆಬ್ಬೆಟ್ಟು ಬೇಡ.

ನೀರು ಪರೀಕ್ಷೆ ಮಾಡುವವರು ಯಾರು? ನೀವೇ. 2019ರಲ್ಲಿ ಶುರುವಾದ ಜಲ ಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಇದೆ. ಒಂದು ಪೆಟ್ಟಿಗೆ ಕೊಡುತ್ತಾರೆ. ಅದರಲ್ಲಿ ಔಷಧಿ ಬಾಟಲಿ, ಸಣ್ಣ ಗಾಜಿನ ನಳಿಗೆ, ಬಣ್ಣದ ಕಾರ್ಡು. ನೀರಿಗೆ ಔಷಧಿ ಹನಿ ಹಾಕಬೇಕು. ಬಣ್ಣ ಬರುತ್ತದೆ. ಕಾರ್ಡಿನ ಬಣ್ಣದ ಜೊತೆ ಹೋಲಿಸಬೇಕು. ಪಕ್ಕದಲ್ಲಿ ಅಂಕಿ ಇರುತ್ತದೆ. ಆ ಅಂಕಿ ಓದೋದಕ್ಕೇ ನಿಮಗೆ ಚುಕ್ಕೆ ಕಲಿಸಿದ್ದು. ಹೆಚ್ಚು ಬಂದರೆ ಪಂಚಾಯಿತಿಗೆ ಬರೆದು ಕೊಡಬೇಕು, ಪ್ರಯೋಗಾಲಯಕ್ಕೆ ಕಳಿಸಿ ಅಂತ ಕೇಳಬೇಕು.

ಆ ಹುಡುಗಿ ಈಗ ದೊಡ್ಡವಳು. ನೋಡಲು ಬಂದ ಎರಡು ಕಡೆಯವರು ಹಲ್ಲು ನೋಡಿ ಬೇಡ ಅಂದರಂತೆ. ಅವಳು ನರ್ಸಿಂಗ್ ಓದಿದಳು. ಹೋದ ವರ್ಷ ಸಿಕ್ಕಿದ್ದಳು. ನಾನು ಅವತ್ತಿನ ಮಾತಿಗೆ ಕ್ಷಮೆ ಕೇಳಿದೆ. "ನನಗೆ ನೆನಪೇ ಇಲ್ಲ ಮಿಸ್" ಅಂದಳು. ಅನ್ನುವಾಗ ನಕ್ಕಳು. ಕೈ ಬಾಯಿಗೆ ಹೋಯಿತು.

ಅಜ್ಜಿ ಇದ್ದಾರೆ. ಮನೆಯವರು ಬೇರೆ ನೀರು ತರುತ್ತಾರೆ. ನೋವು ಸ್ವಲ್ಪ ಕಡಿಮೆ ಅನ್ನುತ್ತಾರೆ. ಬೆನ್ನು ಮಾತ್ರ ಹಾಗೇ ಇದೆ.

ನಾಳೆ ಸಂಜೆ ಪರೀಕ್ಷೆ ಪೆಟ್ಟಿಗೆ ಅಂಗನವಾಡಿಗೆ ಬರುತ್ತದೆ. ನಮ್ಮೂರಲ್ಲಿ ಆರು ಬೋರಿವೆ, ಒಂದು ಘಟಕ ಇದೆ. ಒಟ್ಟು ಏಳು ಬಾಟಲಿ ಬೇಕು. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ಬೋರಿನ ನೀರಿನಲ್ಲಿ ಮೂರು ಸಲ ಗಲಬರಿಸಿ. ಸೋಪು ಹಾಕಬೇಡಿ. ಆಮೇಲೆ ತುಂಬಿಸಿ ಮುಚ್ಚಳ ಬಿಗಿ ಮಾಡಿ. ಒಂದು ಚೀಟಿ ಅಂಟಿಸಿ. ಚೀಟಿಯ ಮೇಲೆ ಯಾವ ಬೋರು, ಯಾವ ತಾರೀಕು, ತಂದವರ ಹೆಸರು ಬರೆಯಿರಿ. ಮಕ್ಕಳ ಕೈಲಿ ಬರೆಸಬೇಡಿ. ನೀವೇ ಬರೆಯಿರಿ. ಮಾರಮ್ಮನ ಗುಡಿ ಬೋರಿಗೆ ಯಾರು ಹೋಗುತ್ತೀರಿ?